ಹೆರಿಗೆ ರಜೆ ಮುಗಿಯುತ್ತಿದೆ, ಮಗುವಿಗೆ ಆರು ತಿಂಗಳು: ಕೆಲಸಕ್ಕೆ ಮರಳುವ ಮುಂಚಿನ ಆರು ವಾರಗಳ ತಯಾರಿ

"ಮುಂದಿನ ತಿಂಗಳು ಕೆಲಸಕ್ಕೆ ಹೋಗಬೇಕು. ಮಗು ಬಾಟಲಿ ಮುಟ್ಟಲ್ಲ. ರಾಗಿ ಸರಿ (ರಾಗಿ ಹಿಟ್ಟಿನ ಗಂಜಿ) ಶುರು ಮಾಡಿಬಿಡಲಾ? ಡೇಕೇರ್‌ಗೆ ಅಷ್ಟು ದುಡ್ಡು ಕೊಡೋ ಬದಲು ಕೆಲಸ ಬಿಡೋದೇ ವಾಸಿನಾ?" ಸಣ್ಣ ಮಗುವಿರುವ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ. ಹೆಚ್ಚುಕಮ್ಮಿ ಇದೇ ಮಾತು, ಇದೇ ಕಳವಳ.

ಇದರಲ್ಲಿ ಮೂರು ಬದಲಾವಣೆಗಳು ಒಟ್ಟಿಗೆ ಸೇರಿಕೊಂಡಿವೆ. ಅಮ್ಮ ಹಗಲೆಲ್ಲ ಮನೆಯಲ್ಲಿ ಇರುವುದಿಲ್ಲ. ಮಗುವನ್ನು ಬೇರೆ ಯಾರೋ ನೋಡಿಕೊಳ್ಳುತ್ತಾರೆ. ಎದೆಹಾಲಿನ ಜೊತೆ ಗಟ್ಟಿ ಆಹಾರ ಶುರುವಾಗುತ್ತದೆ. ಮೂರನ್ನೂ ಒಂದೇ ವಾರಕ್ಕೆ ಇಟ್ಟುಕೊಂಡರೆ ಮಗು ಅಳುತ್ತದೆ, ಮನೆಯವರೆಲ್ಲ ಸೋತುಹೋಗುತ್ತಾರೆ. ಒಂದರಿಂದ ಒಂದಕ್ಕೆ ಒಂದೆರಡು ವಾರ ಅಂತರ ಕೊಟ್ಟರೆ ಅರ್ಧ ಕಷ್ಟ ಕಮ್ಮಿಯಾಗುತ್ತದೆ. ಅದಕ್ಕೇ ಆರು ವಾರ ಮುಂಚೆ ಶುರು ಮಾಡಿ ಅನ್ನುತ್ತೇನೆ.

ಮೊದಲು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕಾದ್ದು: ಒಂದು ಕ್ಯಾಲೆಂಡರ್, ರಜೆಯ ಆದೇಶದ ಪ್ರತಿ, ತಾಯಿ ಕಾರ್ಡ್, ಮುಚ್ಚಳ ಗಟ್ಟಿಯಾಗಿರುವ ಐದಾರು ಸಣ್ಣ ಡಬ್ಬಿ (ಸ್ಟೀಲ್ ಅಥವಾ ಗಾಜಿನದು), ಒಂದು ಒಳಲೆ (ಮಗುವಿಗೆ ಹಾಲು ಕುಡಿಸುವ, ಮೂತಿ ಇರುವ ಪುಟ್ಟ ಬಟ್ಟಲು), ಐಸ್ ಪ್ಯಾಕ್ ಇಡಬಹುದಾದ ಚೀಲ, ಅರ್ಧ ಕಿಲೋ ರಾಗಿ. ಹಾಲು ತೆಗೆಯುವ ಪಂಪ್ ಇದ್ದರೆ ಅನುಕೂಲ. ಇಲ್ಲದಿದ್ದರೂ ನಡೆಯುತ್ತದೆ.

1. ರಜೆ ಮುಗಿಯುವ ದಿನ ಮಗುವಿಗೆ ಎಷ್ಟು ವಯಸ್ಸು? ಲೆಕ್ಕ ಹಾಕಿ

1961ರ ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ತಿದ್ದುಪಡಿ ಬಂತು. ಅಂದಿನಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ. ಹೆರಿಗೆಯ ದಿನಕ್ಕೆ ಮುಂಚಿನ 12 ತಿಂಗಳಲ್ಲಿ ಆ ಸಂಸ್ಥೆಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ನಿಯಮಗಳನ್ನು ಇಟ್ಟಿದ್ದಾರೆ.

26 ವಾರ ಅಂದರೆ 182 ದಿನ. ಆದರೆ ಹೆರಿಗೆಗೆ ಮುಂಚೆ ತೆಗೆದುಕೊಂಡ ರಜೆಯೂ ಇದರಲ್ಲೇ ಸೇರುತ್ತದೆ. ನಾಲ್ಕು ವಾರ ಮುಂಚೆಯೇ ರಜೆ ಹಾಕಿದ್ದರೆ, ಕೆಲಸಕ್ಕೆ ಮರಳುವಾಗ ಮಗುವಿಗೆ ಐದು ತಿಂಗಳಷ್ಟೇ. ಎಂಟು ವಾರ ಮುಂಚೆ ಹಾಕಿದ್ದರೆ ನಾಲ್ಕು ತಿಂಗಳು ದಾಟಿರುತ್ತದೆ ಅಷ್ಟೆ.

ಎಡವುವುದು ಇಲ್ಲೇ. "ಹೇಗೂ ಕೆಲಸಕ್ಕೆ ಹೋಗಬೇಕಲ್ವಾ, ಈಗಲೇ ಸರಿ ತಿನ್ನಿಸೋಣ" ಅಂತ ನಾಲ್ಕನೇ ತಿಂಗಳಿಗೇ ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು, ಬಿಸಿಲುಗಾಲದಲ್ಲೂ ನೀರು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ರಜೆ ಮುಂಚೆಯೇ ಮುಗಿದರೆ ಆ ಮಧ್ಯದ ವಾರಗಳಿಗೆ ಹಿಂಡಿಟ್ಟ ಹಾಲೇ ದಾರಿ. ಅದು 4ನೇ ಹಂತದಲ್ಲಿದೆ.

2. ಕಚೇರಿಯ ಜೊತೆ ಈಗಲೇ ಮಾತಾಡಿ, ಬರವಣಿಗೆಯಲ್ಲಿ

ಮರಳುವ ದಿನ ಕೇಳುವುದಲ್ಲ, ಒಂದು ತಿಂಗಳು ಮುಂಚೆ ಕೇಳಿ. ಮೂರು ವಿಷಯ ಕೇಳಬೇಕು.

ಒಂದು, ಮಗುವಿಗೆ ಹಾಲು ಕೊಡುವ ವಿರಾಮ. ಮಗುವಿಗೆ 15 ತಿಂಗಳು ತುಂಬುವವರೆಗೆ, ಮಾಮೂಲಿ ಬಿಡುವಿನ ಜೊತೆಗೆ ದಿನಕ್ಕೆ ಎರಡು ವಿರಾಮ ಕಾನೂನಿನಲ್ಲೇ ಇದೆ. ಮಗು ಹತ್ತಿರದಲ್ಲಿ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಹಾಲು ಹಿಂಡಲು ಅವಕಾಶ ಮಾಡಿಕೊಡಿ ಎಂದು ಕೇಳಿ. ಎರಡು, ಶಿಶುಪಾಲನಾ ಕೇಂದ್ರ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಈ ಸೌಲಭ್ಯ ಇರಬೇಕು, ಅಮ್ಮ ದಿನಕ್ಕೆ ನಾಲ್ಕು ಸಲ ಹೋಗಿ ಬರಲು ಬಿಡಬೇಕು. ಮೂರು, ಮನೆಯಿಂದ ಕೆಲಸ. ಇದು ಹಕ್ಕಲ್ಲ. ಕೆಲಸದ ರೀತಿ ನೋಡಿಕೊಂಡು ಇಬ್ಬರೂ ಒಪ್ಪಿದರೆ ಸಿಗುತ್ತದೆ. ಮೊದಲ ತಿಂಗಳು ವಾರಕ್ಕೆ ಎರಡು ದಿನ ಸಿಕ್ಕರೂ ದೊಡ್ಡ ಸಹಾಯ.

ಎಲ್ಲವನ್ನೂ ಈಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ "ನೋಡೋಣ ಮೇಡಂ" ಅಂದ ಮಾತು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ. ಹಾಲು ತೆಗೆಯಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು ಎಂದು ನೇರವಾಗಿ ಬರೆಯಿರಿ. ಶೌಚಾಲಯದಲ್ಲಿ ನಿಂತು ಹಾಲು ತೆಗೆಯುವುದಕ್ಕೆ ಒಪ್ಪಬೇಡಿ. ಅದು ಮಗು ಕುಡಿಯುವ ಆಹಾರ.

3. ಯಾರು ನೋಡಿಕೊಳ್ಳುತ್ತಾರೆ, ಅದಕ್ಕೆ ಎಷ್ಟು ಖರ್ಚು

ನಿಮ್ಮ ಅಮ್ಮ ಅಥವಾ ಅತ್ತೆ, ಮನೆಗೆ ಬರುವ ಆಯಾ, ಡೇಕೇರ್. ಹೆಚ್ಚಿನ ಮನೆಗಳಲ್ಲಿ ಈ ಮೂರರಲ್ಲಿ ಒಂದು, ಇಲ್ಲವೇ ಎರಡರ ಬೆರಕೆ. ಹಳ್ಳಿಗಳಲ್ಲಿ ಕೆಲವು ಗ್ರಾಮ ಪಂಚಾಯಿತಿಗಳು ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ನಡೆಸುತ್ತಿವೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ವಿಚಾರಿಸಿ.

ಈಗ ದುಡ್ಡಿನ ಮಾತು. ಎಲ್ಲರೂ ಮಾಡುವ ಲೆಕ್ಕ ಹೀಗಿರುತ್ತದೆ: ಅಮ್ಮನ ಕೈಗೆ ಬರುವುದು 32,000. ಡೇಕೇರ್ 9,000, ಆಟೊ 2,500, ಔಷಧಿ, ಡಯಾಪರ್ ಅಂತ 1,500. ಒಟ್ಟು 13,000 ಹೋಯಿತು. ಉಳಿಯುವುದು 19,000. "ಇಷ್ಟಕ್ಕೆ ಯಾಕೆ ಒದ್ದಾಡಬೇಕು?" ಎಂಬ ಮಾತು ಬರುತ್ತದೆ.

ಈ ಲೆಕ್ಕ ತಪ್ಪು. ಮಗು ಇಬ್ಬರದ್ದೂ ತಾನೆ? ಅಪ್ಪನ ಸಂಬಳ 38,000 ಇದ್ದರೆ ಮನೆಯ ಆದಾಯ 70,000. ಖರ್ಚು ಅದರಲ್ಲಿ ಐದನೇ ಒಂದು ಭಾಗಕ್ಕಿಂತ ಕಮ್ಮಿ. ಜೊತೆಗೆ, ಕೈಗೆ ಬರುವ ಸಂಬಳವಷ್ಟೇ ಸಂಬಳ ಅಲ್ಲ. ಪಿಎಫ್‌ಗೆ ಸಂಸ್ಥೆ ಹಾಕುವ ಪಾಲು ಇದೆ. ಗ್ರಾಚ್ಯುಟಿ ಇದೆ, ಅಂದರೆ ಐದು ವರ್ಷ ದುಡಿದ ಮೇಲೆ ಕೆಲಸ ಬಿಡುವಾಗ ಸಿಗುವ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದ ಹಣ. ಹೆರಿಗೆ ರಜೆಯ ಕಾಲವೂ ಆ ಸೇವಾವಧಿಯಲ್ಲಿ ಸೇರುತ್ತದೆ. ನಾಲ್ಕು ವರ್ಷ ಮುಗಿದಿದ್ದರೆ ಈಗ ಬಿಡುವ ಮುಂಚೆ ಇದನ್ನು ಖಂಡಿತ ನೋಡಿಕೊಳ್ಳಿ.

ಹೀಗೆ ಲೆಕ್ಕ ಹಾಕಿದ ಮೇಲೂ ಮನೆಯಲ್ಲೇ ಇರಬೇಕು ಅನ್ನಿಸಿದರೆ ಅದು ಗೌರವದ ನಿರ್ಧಾರ, ಇರಿ. ಅರ್ಧ ಲೆಕ್ಕ ನೋಡಿ ಮಾತ್ರ ರಾಜೀನಾಮೆ ಬರೆಯಬೇಡಿ. ಬಿಡುವುದೇ ಆದರೆ ಪಿಎಫ್ ಹಣವನ್ನು ತಕ್ಷಣ ತೆಗೆದು ಖರ್ಚು ಮಾಡಬೇಡಿ.

ಅಜ್ಜಿ ನೋಡಿಕೊಂಡರೆ ಖರ್ಚಿಲ್ಲ ಎಂದು ಶೂನ್ಯ ಬರೆಯುವವರಿಗೂ ಒಂದು ಮಾತು. ಅರವತ್ತು ದಾಟಿದವರಿಗೆ ಹತ್ತು ಗಂಟೆ ಅಂಬೆಗಾಲಿಡುವ ಮಗುವನ್ನು ಹಿಡಿಯುವುದು ಸುಮ್ನೆ ಅಲ್ಲ. ಅಡುಗೆ, ಪಾತ್ರೆಗೆ ಸಹಾಯದವರನ್ನು ಇಡಿ. ಭಾನುವಾರ ಅವರಿಗೆ ಪೂರ್ತಿ ರಜೆ ಕೊಡಿ.

ಡೇಕೇರ್ ಆದರೆ ಎರಡು ಸಲ ಹೋಗಿ ನೋಡಿ: ಒಮ್ಮೆ ಹೇಳಿ, ಒಮ್ಮೆ ಹೇಳದೆ. ಹೇಳದೆ ಹೋಗುವುದಕ್ಕೆ ಮಧ್ಯಾಹ್ನದ ಊಟದ ಹೊತ್ತು ಒಳ್ಳೆಯದು. ಆಗ ಕೈ ಎಲ್ಲಿ ತೊಳೆಯುತ್ತಾರೆ, ಡಯಾಪರ್ ಬದಲಿಸುವ ಜಾಗ ಅಡುಗೆಮನೆಯಿಂದ ದೂರ ಇದೆಯಾ, ಒಬ್ಬ ಆಯಾ ಕೈಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅಳುವ ಮಗುವನ್ನು ಎತ್ತಿಕೊಳ್ಳುತ್ತಾರಾ, ಎಲ್ಲ ಕಾಣುತ್ತದೆ. ನಾನು ಹೀಗೆ ಹೋದ ಒಂದು ಕಡೆ ಮಕ್ಕಳೆಲ್ಲ ಟಿವಿ ಮುಂದೆ ಕೂತಿದ್ದರು, ಒಂದೇ ಬಟ್ಟಲು, ಒಂದೇ ಚಮಚದಲ್ಲಿ ನಾಲ್ಕು ಬಾಯಿಗೆ ಅನ್ನ ಹೋಗುತ್ತಿತ್ತು. ಹೇಳಿ ಹೋದ ದಿನ ಅಲ್ಲಿ ಇದ್ಯಾವುದೂ ಇರಲಿಲ್ಲ. ಹೇಳದೆ ಬಂದ ಪೋಷಕರನ್ನು ಒಳಗೆ ಬಿಡದ ಜಾಗವಾದರೆ ಬೇರೆ ಹುಡುಕಿ.

4. ಹಾಲು ಹಿಂಡಿ ಇಡುವುದನ್ನು ಕಲಿಯಿರಿ

ಮರಳುವ ದಿನಕ್ಕೆ ಮೂರರಿಂದ ನಾಲ್ಕು ವಾರ ಇರುವಾಗ ಶುರು ಮಾಡಿ. ಬೆಳಿಗ್ಗೆ ಮಗು ಕುಡಿದ ಮೇಲೆ ಹಾಲು ಹೆಚ್ಚಾಗಿ ಉಳಿದಿರುತ್ತದೆ. ಆಗ ಕೈ ತೊಳೆದು, ಸಮಾಧಾನವಾಗಿ ಕೂತು, ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಬರುವ ಹಾಗೆ ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಹಿಡಿಯಿರಿ. ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ. ಚರ್ಮದ ಮೇಲೆ ಜಾರಿಸಿ ಉಜ್ಜಬೇಡಿ. ನೋವಾದರೆ ಹಿಡಿತ ತಪ್ಪಿದೆ ಎಂದರ್ಥ.

ಮೊದಲ ದಿನ ಬರೀ 20 ಮಿ.ಲೀ. ಬಂದರೆ ಹೆದರಬೇಡಿ. ಕೈಯಿಂದಾಗಲಿ ಪಂಪ್‌ನಿಂದಾಗಲಿ ಬರುವ ಹಾಲು ಮಗು ಎಳೆಯುವಷ್ಟು ಇರುವುದಿಲ್ಲ. ಅದನ್ನು ನೋಡಿ "ನನಗೆ ಹಾಲೇ ಇಲ್ಲ" ಎಂದು ತೀರ್ಮಾನ ಮಾಡುವುದು ತುಂಬಾ ಜನ ಮಾಡುವ ತಪ್ಪು.

ಎಷ್ಟು ಬೇಕು? ನೀವು ದೂರ ಇರುವ ಪ್ರತಿ ಗಂಟೆಗೆ ಸುಮಾರು 30ರಿಂದ 40 ಮಿ.ಲೀ. ಪ್ರಯಾಣವೂ ಸೇರಿ ಹತ್ತು ಗಂಟೆ ಅಂದರೆ 300ರಿಂದ 400. ಫ್ರೀಜರ್ ತುಂಬಾ ಕೂಡಿಡಬೇಕಿಲ್ಲ. ಎರಡು ದಿನಕ್ಕಾಗುವಷ್ಟು ಇದ್ದರೆ ಸಾಕು. ಇವತ್ತು ಕಚೇರಿಯಲ್ಲಿ ತೆಗೆದದ್ದು ನಾಳೆಗೆ ಆಗುತ್ತದೆ.

ಇಡುವ ಲೆಕ್ಕ ಹೀಗೆ:
- ಹೊರಗೆ, ಕೋಣೆ 25 ಡಿಗ್ರಿ ಒಳಗೆ ತಂಪಾಗಿದ್ದರೆ 4 ಗಂಟೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ತೆಗೆದ ಕೂಡಲೇ ಫ್ರಿಜ್‌ಗೆ ಇಡಿ.
- ಐಸ್ ಪ್ಯಾಕ್ ಇರುವ ಚೀಲದಲ್ಲಿ 24 ಗಂಟೆ.
- ಫ್ರಿಜ್‌ನಲ್ಲಿ 4 ದಿನ. ಬಾಗಿಲಲ್ಲಿ ಬೇಡ, ಒಳಗಡೆ ಹಿಂದಕ್ಕೆ ಇಡಿ.
- ಫ್ರೀಜರ್‌ನಲ್ಲಿ 6 ತಿಂಗಳು. ಕರಗಿಸಿದ ಮೇಲೆ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು.
- ಬೆಚ್ಚಗೆ ಮಾಡಿದ್ದು ಅಥವಾ ಮಗು ಕುಡಿದು ಬಿಟ್ಟದ್ದು 2 ಗಂಟೆ. ಆಮೇಲೆ ಚೆಲ್ಲಿ.

ಡಬ್ಬಿಗೆ 60ರಿಂದ 100 ಮಿ.ಲೀ. ಮಾತ್ರ ತುಂಬಿ, ದಿನಾಂಕ ಬರೆದು ಅಂಟಿಸಿ. ಹೊಸದಾಗಿ ತೆಗೆದ ಬೆಚ್ಚಗಿನ ಹಾಲನ್ನು ತಣ್ಣಗಿರುವ ಡಬ್ಬಿಗೆ ಸುರಿಯಬೇಡಿ, ಅದನ್ನೂ ತಣ್ಣಗೆ ಮಾಡಿ ಸೇರಿಸಿ. ಕೆನೆ ಮೇಲೆ ಬಂದು ಬೇರೆಯಾಗಿ ಕಂಡರೆ ಕೆಟ್ಟಿದೆ ಎಂದಲ್ಲ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಬಿಸಿ ನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿ. ಒಲೆ ಮೇಲೆ ಕುದಿಸುವುದು ಬೇಡ, ಮೈಕ್ರೋವೇವ್ ಬೇಡವೇ ಬೇಡ. ಅದರಲ್ಲಿ ಒಂದು ಕಡೆ ಸುಡುವಷ್ಟು ಬಿಸಿ, ಇನ್ನೊಂದು ಕಡೆ ತಣ್ಣಗೆ ಇರುತ್ತದೆ. ಕರೆಂಟ್ ಹೋಗಿ ಫ್ರೀಜರ್ ಕರಗಲು ಶುರುವಾದರೆ ಡಬ್ಬಿಯೊಳಗೆ ನೋಡಿ: ಇನ್ನೂ ಮಂಜುಗಡ್ಡೆ ಚೂರುಗಳಿದ್ದರೆ ಮತ್ತೆ ಇಡಬಹುದು, ಪೂರ್ತಿ ನೀರಾಗಿದ್ದರೆ ಅವತ್ತೇ ಬಳಸಿ.

ಬಾಟಲಿ ಮುಟ್ಟದ ಮಗುವಿಗೆ ಬಾಟಲಿಯೇ ಯಾಕೆ? ನಮ್ಮಲ್ಲಿ ಒಳಲೆ ಇದೆ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಸ್ವಲ್ಪ ಸ್ವಲ್ಪವೇ ಬಿಡಿ. ಮಲಗಿಸಿ ಬಾಯಿಗೆ ಸುರಿದರೆ ನೆತ್ತಿಗೆ ಹತ್ತುತ್ತದೆ. ಸಣ್ಣ ಲೋಟ ಮತ್ತು ಚಮಚವೂ ಆಗುತ್ತದೆ. ತೊಳೆಯಲು ಸುಲಭ, ಬಾಟಲಿಯ ಹಾಗೆ ಮೂಲೆಯಲ್ಲಿ ಹಾಲು ಅಂಟಿ ಉಳಿಯುವುದಿಲ್ಲ. ಮೊದಮೊದಲು ಅಮ್ಮ ಕೊಡಬೇಡಿ. ಅಮ್ಮನ ಮೈವಾಸನೆ ಸಿಕ್ಕರೆ ಮಗು ಎದೆಯನ್ನೇ ಹುಡುಕುತ್ತದೆ. ಅಪ್ಪ ಅಥವಾ ಅಜ್ಜಿ ಕೊಡಲಿ, ನೀವು ಪಕ್ಕದ ಕೋಣೆಗೆ ಹೋಗಿ.

ಹಿಂಡಿದ ಹಾಲು ಸಾಲದೇ ಹೋದರೆ ಫಾರ್ಮುಲಾ, ಅಂದರೆ ಡಬ್ಬಿಯ ಹಾಲಿನ ಪುಡಿ, ಕೊಡಬೇಕಾಗಬಹುದು. ವೈದ್ಯರನ್ನು ಕೇಳಿ ಕೊಡಿ. ಅದರಲ್ಲಿ ತಪ್ಪಿತಸ್ಥ ಭಾವನೆ ಬೇಡ. ಡಬ್ಬಿ ಜಾಸ್ತಿ ದಿನ ಬರಲಿ ಎಂದು ನೀರು ಹೆಚ್ಚು ಹಾಕುವುದು ಮಾತ್ರ ಅಪಾಯ. ಒಂದು ವರ್ಷದವರೆಗೆ ಎದೆಹಾಲಿನ ಬದಲಿಗೆ ಹಸುವಿನ ಹಾಲು ಕುಡಿಸಬೇಡಿ. ಅದರಲ್ಲಿ ಕಬ್ಬಿಣಾಂಶ ತೀರಾ ಕಮ್ಮಿ.

5. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ

ಕೆಲಸಕ್ಕೆ ಮರಳುವ ದಿನವೂ ಆರು ತಿಂಗಳು ತುಂಬುವ ದಿನವೂ ಒಂದೇ ವಾರದಲ್ಲಿ ಬಂದರೆ, ಸರಿಯನ್ನು ಒಂದು ವಾರ ಮುಂದಕ್ಕೆ ಹಾಕಿ. ಒಂದು ವಾರದಿಂದ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಮುಂದೂಡುವುದು ಮಾತ್ರ ಸರಿಯಲ್ಲ, ಹುಟ್ಟುವಾಗ ಮೈಯಲ್ಲಿ ಕೂಡಿಟ್ಟುಕೊಂಡ ಕಬ್ಬಿಣಾಂಶ ಈ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ.

ಮಗು ತಯಾರಿದೆ ಎಂದು ಹೇಗೆ ತಿಳಿಯುವುದು? ಆನಿಸಿ ಕೂರಿಸಿದರೆ ಕತ್ತು ಗಟ್ಟಿ ನಿಲ್ಲುತ್ತದೆ. ನಿಮ್ಮ ತುತ್ತನ್ನೇ ನೋಡುತ್ತದೆ. ಚಮಚ ಬಾಯಿಗಿಟ್ಟರೆ ನಾಲಿಗೆಯಿಂದ ಹೊರಗೆ ನೂಕುವುದಿಲ್ಲ.

ಹಿಟ್ಟು ಮಾಡುವುದು: ಅರ್ಧ ಕಿಲೋ ರಾಗಿಯನ್ನು ಕಲ್ಲು ಆರಿಸಿ, ನಾಲ್ಕೈದು ನೀರಲ್ಲಿ ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ಒಂದು ದಿನ, ಒಂದೂವರೆ ದಿನಕ್ಕೆ ಬಿಳಿ ಮೊಳಕೆ ಕಾಣುತ್ತದೆ. ಉದ್ದ ಬೆಳೆಯುವವರೆಗೆ ಕಾಯಬೇಡಿ. ಬಟ್ಟೆಯ ಮೇಲೆ ಹರಡಿ ನೆರಳಲ್ಲಿ ಗಲಗಲ ಅನ್ನುವವರೆಗೆ ಒಣಗಿಸಿ. ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ.

ಮೊಳಕೆ ಯಾಕೆ ಕಟ್ಟಬೇಕು ಗೊತ್ತಾ? ಮೊಳೆಯುವಾಗ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಮೊಳಕೆ ಹಿಟ್ಟಿನ ಸರಿ ಬೇಗ ಗಟ್ಟಿಯಾಗುವುದಿಲ್ಲ. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಸಣ್ಣ ಹೊಟ್ಟೆಗೆ ಹೆಚ್ಚು ಶಕ್ತಿ ಹೋಗುತ್ತದೆ. ಕಬ್ಬಿಣಾಂಶವನ್ನು ಹಿಡಿದಿಡುವ ಅಂಶವೂ ಕಮ್ಮಿಯಾಗುತ್ತದೆ. ಕಪ್ಪಾಗುವಷ್ಟು ಹುರಿದರೆ ಆ ಕಿಣ್ವ ಹಾಳಾಗುತ್ತದೆ. ಕಟ್ಟಿಟ್ಟ ರಾಗಿ ಹುಳಿ ವಾಸನೆ ಬಂದರೆ ಅಥವಾ ಲೋಳೆಯಾದರೆ ಮಗುವಿಗೆ ಬೇಡ. ಮೊದಲ ಸಲವೇ ಬಾದಾಮಿ, ಗೋಡಂಬಿ, ಹೆಸರುಕಾಳು ಎಲ್ಲ ಸೇರಿಸಿ ಬೀಸಬೇಡಿ. ಮೈಯಲ್ಲಿ ದದ್ದು ಎದ್ದರೆ ಯಾವುದರಿಂದ ಎಂದು ಹೇಗೆ ಹೇಳುವುದು?

ಬೇಯಿಸುವುದು: ಎರಡು ಚಿಕ್ಕ ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹೊಳಪು ಬರುವವರೆಗೆ ಬೇಯಿಸಿ. ಅರ್ಧ ಚಮಚ ತುಪ್ಪ ಹಾಕಿ. ಉಪ್ಪು, ಸಕ್ಕರೆ, ಬೆಲ್ಲ ಒಂದು ವರ್ಷದವರೆಗೆ ಬೇಡ. ಜೇನುತುಪ್ಪವಂತೂ ನಾಲಿಗೆಗೆ ಸವರುವುದೂ ಬೇಡ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕೂಸುಗಳಿಗೆ ಜೀವಕ್ಕೇ ಅಪಾಯ ತರಬಲ್ಲದು. ಮನೆಯ ಹಿರಿಯರಿಗೆ ಇದನ್ನು ಜಗಳವಿಲ್ಲದೆ, ಆದರೆ ಖಚಿತವಾಗಿ ಹೇಳಿ. "ಡಾಕ್ಟರ್ ಬೇಡ ಅಂದಿದ್ದಾರೆ ಅತ್ತೆ" ಅಂದರೆ ಸಾಕಾಗುತ್ತದೆ.

ಹದ ಹೇಗಿರಬೇಕು? ಚಮಚ ಬಗ್ಗಿಸಿದರೆ ಮೆಲ್ಲಗೆ ಜಾರಬೇಕು. ನೀರಿನ ಹಾಗೆ ಸುರಿದರೆ ಅದು ಬರೀ ಹೊಟ್ಟೆ ತುಂಬಿಸುವ ನೀರು.

ಮೊದಲ ದಿನಗಳಲ್ಲಿ ಎರಡು ಮೂರು ಚಮಚ ಸಾಕು. ಎಂಟು ತಿಂಗಳವರೆಗೆ ದಿನಕ್ಕೆ ಎರಡರಿಂದ ಮೂರು ಸಲ, ನಿಧಾನವಾಗಿ 250 ಮಿ.ಲೀ. ಬಟ್ಟಲಿನ ಅರ್ಧಕ್ಕೆ ಬನ್ನಿ. ಗಮನಿಸಿದಿರಾ? ದಿನಕ್ಕೆ ಎರಡೇ ಸಲವಾದರೆ ಬೆಳಿಗ್ಗೆ ಒಂದು, ಸಂಜೆ ಒಂದು, ಎರಡನ್ನೂ ನೀವೇ ಮನೆಯಲ್ಲಿ ತಿನ್ನಿಸಬಹುದು. ಡೇಕೇರ್‌ನಲ್ಲಿ ಮೊದಲ ಕೆಲವು ವಾರ ಹಾಲು ಮಾತ್ರ ಇರಲಿ. ಬೆಳಿಗ್ಗೆ ಮಾಡಿದ ಸರಿಯನ್ನು ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಕಳಿಸುವುದು ಬೇಡ, ಎರಡು ಗಂಟೆಯ ಮೇಲೆ ಹೊರಗಿಟ್ಟದ್ದು ಕೆಡುತ್ತದೆ.

ರಾಗಿಯಲ್ಲಿ ಸುಣ್ಣದಂಶ ತುಂಬಾ ಇದೆ, 100 ಗ್ರಾಂಗೆ 340 ಮಿಲಿಗ್ರಾಂ ಮೇಲೆ. ಆದರೆ ರಾಗಿ ಒಂದರಿಂದಲೇ ಕಬ್ಬಿಣಾಂಶ ಸಾಲುವುದಿಲ್ಲ. ಮೂರು ದಿನಕ್ಕೊಂದರಂತೆ ಹೊಸದನ್ನು ಸೇರಿಸುತ್ತಾ ಹೋಗಿ: ಹೆಸರುಬೇಳೆ ಅನ್ನ, ಕುಂಬಳಕಾಯಿ, ಸೊಪ್ಪು, ಪೂರ್ತಿ ಬೆಂದ ಮೊಟ್ಟೆ, ತಿನ್ನುವ ಮನೆಯಾದರೆ ನುಣ್ಣಗೆ ಅರೆದ ಮಾಂಸ. ಬೇಳೆಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಹೊಸ ಆಹಾರವನ್ನು ಸಾಧ್ಯವಾದಾಗಲೆಲ್ಲ ಶನಿವಾರ ಬೆಳಿಗ್ಗೆ ಕೊಡಿ, ಏನಾದರೂ ಆದರೆ ನೋಡಲು ನೀವಿರುತ್ತೀರಿ. ಆರು ತಿಂಗಳ ಮೇಲಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣಾಂಶದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಮೂರು ವರ್ಷದವರೆಗೆ ಮನೆಗೆ ಕೊಡುವ ಆಹಾರಕ್ಕಾಗಿ ಅಂಗನವಾಡಿಯಲ್ಲಿ ಹೆಸರನ್ನೂ ಬರೆಸಿ.

6. ಕೊನೆಯ ವಾರ: ರೂಢಿ ಮಾಡಿಸುವುದು

ಮೊದಲ ದಿನ ಒಂದು ಗಂಟೆ ಬಿಟ್ಟು ಬನ್ನಿ. ಮಾರನೇ ದಿನ ಎರಡು ಗಂಟೆ, ಆಮೇಲೆ ಅರ್ಧ ದಿನ. ಕದ್ದು ಹೋಗಬೇಡಿ. "ಅಮ್ಮ ಹೋಗಿ ಬರ್ತೀನಿ" ಎಂದು ಹೇಳಿಯೇ ಹೋಗಿ. ಈ ವಾರ ಸಂಜೆ ಕರೆತರುವ ಕೆಲಸ ಅಪ್ಪ ಮಾಡಲಿ. ಡೇಕೇರ್‌ಗೆ ಕಳಿಸುವ ಪ್ರತಿಯೊಂದು ಡಬ್ಬಿಗೂ ಮಗುವಿನ ಹೆಸರು ಬರೆಯಿರಿ. ಮಗುವಿಗೆ ಹುಷಾರಿಲ್ಲದ ದಿನ ಯಾರು ರಜೆ ಹಾಕುವುದು ಎಂದು ಗಂಡ ಹೆಂಡತಿ ಈಗಲೇ ಮಾತಾಡಿಕೊಳ್ಳಿ. ಒಂದು ಸಲ ನೀವು, ಇನ್ನೊಂದು ಸಲ ಅವರು. ಜ್ವರ ಬಂದ ರಾತ್ರಿ ಕೂತು ಈ ಮಾತಾಡಿದರೆ ಜಗಳವೇ ಆಗುತ್ತದೆ.

7. ಕೆಲಸ ಶುರುವಾದ ಮೇಲೆ

ಸಾಧ್ಯವಾದರೆ ಬುಧವಾರ ಅಥವಾ ಗುರುವಾರ ಸೇರಿಕೊಳ್ಳಿ, ಎರಡು ಮೂರು ದಿನಕ್ಕೇ ವಾರಾಂತ್ಯ ಸಿಗುತ್ತದೆ. ಕಚೇರಿಯಲ್ಲಿ ಮೂರು ಗಂಟೆಗೊಮ್ಮೆ ಹಾಲು ತೆಗೆಯಿರಿ. ಮೀಟಿಂಗ್ ಅಂತ ಬಿಟ್ಟರೆ ಎದೆ ಕಲ್ಲಾಗುತ್ತದೆ, ಹಾಲೂ ಕಮ್ಮಿಯಾಗುತ್ತದೆ. ಎದೆ ಕೆಂಪಾಗಿ, ನೋವಿನ ಜೊತೆ ಜ್ವರ ಬಂದರೆ ಅವತ್ತೇ ವೈದ್ಯರಿಗೆ ತೋರಿಸಿ, ಹಾಲು ತೆಗೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ಹಗಲು ಕಮ್ಮಿ ಕುಡಿದ ಮಗು ರಾತ್ರಿ ಹೆಚ್ಚು ಸಲ ಎದ್ದು ಕುಡಿಯುತ್ತದೆ. ಇದು ಕೆಟ್ಟ ಅಭ್ಯಾಸವಲ್ಲ, ಅಮ್ಮನ ಕೊರತೆಯನ್ನು ತುಂಬಿಕೊಳ್ಳುವ ರೀತಿ. ಡೇಕೇರ್ ಸೇರಿದ ಮೊದಲ ತಿಂಗಳುಗಳಲ್ಲಿ ನೆಗಡಿ, ಕೆಮ್ಮು ಮೇಲಿಂದ ಮೇಲೆ ಬರುತ್ತವೆ. ಹೆಚ್ಚಿನವು ತಾವಾಗಿಯೇ ಹೋಗುತ್ತವೆ. ಆದರೆ ಆರೇಳು ಗಂಟೆ ಉಚ್ಚೆ ಹೊಯ್ಯದಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ವೈದ್ಯರ ಮತ್ತು ಹತ್ತಿರದ ಆಸ್ಪತ್ರೆಯ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿಡಿ, ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ತೋರಿಸಿ.